ಎರಡು ಮಿಶಿನ್, ಒಂದೇ ಗೆರೆ

ಕೆಲಗೇರಿಯ ಮಹಾದೇವಪ್ಪ ಕೊಯ್ದ ಮರ ಅವನ ಬಾಯಲ್ಲಿ ಎಂದೂ ಇದ್ದಷ್ಟೇ ದಪ್ಪ ಇರುತ್ತಿರಲಿಲ್ಲ. ಬೆಳಿಗ್ಗೆ ತೋಳಿನಷ್ಟು ದಪ್ಪ ಇದ್ದ ಬೇವು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಆಲದ ಮರವಾಗುತ್ತಿತ್ತು. ಸಂಜೆ ಚಹಾದಂಗಡಿಗೆ ಬರುವಷ್ಟರಲ್ಲಿ ಅದರ ಒಂದು ಕೊಂಬೆ ಧಾರವಾಡಕ್ಕೆ, ಇನ್ನೊಂದು ಹುಬ್ಬಳ್ಳಿಗೆ ನೆರಳು ಕೊಡುತ್ತಿತ್ತು. ಒಂದು ಸಲ ಅವನೂ ಅವನ ಜೋಡಿ ಮುಜಮ್ಮಿಲನೂ ಒಂದು ಹುಣಸೆ ಮರಕ್ಕೆ ಕರಗಸ ಹಚ್ಚಿದ್ದರಂತೆ. ಹಚ್ಚಿದಾಗ ಹೋಳಿ ಹುಣ್ಣಿಮೆ, ಕೊಯ್ದು ಮುಗಿದಾಗ ಊರ ತುಂಬ ದಸರೆಯ ಬನ್ನಿ ಹಂಚುತ್ತಿದ್ದರು. ಅಷ್ಟರಲ್ಲಿ ಮುಜಮ್ಮಿಲನ ಗಡ್ಡ ಹೊಕ್ಕುಳ ಮುಟ್ಟಿತ್ತು. ಮರದ ಆಚೆ ಬದಿ ನಿಂತ ಅವನಿಗೆ 'ಎಳಿ' ಅಂತ ಹೇಳಬೇಕಾದರೆ ಕಾಗದ ಬರೆದು ಟಪಾಲಿಗೆ ಹಾಕಬೇಕಿತ್ತು.

ಇದನ್ನೆಲ್ಲ ನಂಬುವವರು ಯಾರೂ ಇರಲಿಲ್ಲ. ಮಹಾದೇವಪ್ಪನಿಗೆ ನಂಬುವವರು ಬೇಕಾಗಿಯೂ ಇರಲಿಲ್ಲ. ಅವನಿಗೆ ಬೇಕಾದದ್ದು ಹೂಂ ಅನ್ನುವ ಒಬ್ಬ ಮನುಷ್ಯ.

ಆ ಮನುಷ್ಯ ಮುಜಮ್ಮಿಲ. ಇಬ್ಬರು ಎಳೆಯುವ ಉದ್ದನೆ ಕರಗಸಕ್ಕೆ ಎರಡೂ ತುದಿಯಲ್ಲಿ ಹಿಡಿ ಇರುತ್ತದೆ. ಅದನ್ನು ಯಾರೂ ನೂಕಬಾರದು, ನೂಕಿದರೆ ತಗಡು ಬಾಗಿ ಮರದೊಳಗೇ ಸಿಕ್ಕಿಬೀಳುತ್ತದೆ. ತನ್ನ ಪಾಳಿ ಬಂದಾಗ ಎಳೆಯಬೇಕು, ಆಮೇಲೆ ಕೈ ಸಡಿಲ ಬಿಟ್ಟು ಎದುರಿನವನಿಗೆ ಎಳೆಯಲು ಕೊಡಬೇಕು. ಮಹಾದೇವಪ್ಪ ತಾನು ಎಳೆಯುವಾಗ ಕಥೆಯ ಒಂದು ತುಂಡು ಹೇಳುತ್ತಿದ್ದ. ಮುಜಮ್ಮಿಲ ತಾನು ಎಳೆಯುವಾಗ ಗದ್ದ ಎದೆಗೆ ತಾಗುವ ಹಾಗೆ ತಲೆ ತಗ್ಗಿಸಿ 'ಹೂಂ' ಅನ್ನುತ್ತಿದ್ದ. ಒಂದು ತುಂಡು ಕಥೆ, ಒಂದು ಹೂಂ. ಹೀಗೆ ಇಬ್ಬರೂ ಮೀಸೆ ಚಿಗುರಿದ ದಿನದಿಂದ ಅದು ನೆರೆಯುವ ತನಕ ಹುಬ್ಬಳ್ಳಿ-ಧಾರವಾಡದ ಮರಗಳನ್ನು ಕೊಯ್ದಿದ್ದರು.

ಆಮೇಲೆ ಮಿಶಿನ್ ಬಂತು.

ಅವತ್ತು ದೇಶಪಾಂಡೆ ನಗರದಲ್ಲಿ ಗಾಳಿಗೆ ಉರುಳಿದ ಮರಕ್ಕೆ ಇಬ್ಬರೂ ಕರಗಸ ಹಚ್ಚಿದ್ದರು. ಮಹಾದೇವಪ್ಪ ಕೆಲಗೇರಿ ಕೆರೆಯ ಕಥೆ ಶುರು ಮಾಡಿದ್ದ. ಕೆರೆಯ ದಂಡೆಯ ಮರವೊಂದು ಎಷ್ಟು ದೊಡ್ಡದಿತ್ತೆಂದರೆ ಅದು ಬಿದ್ದ ಹೊಡೆತಕ್ಕೆ ಕೆರೆಯ ನೀರೆಲ್ಲ ಒಂದು ಹನಿ ಬಿಡದೆ ಮುಗಿಲಿಗೆ ಹಾರಿತು. ಹಾರಿದ್ದು ಅಲ್ಲೇ ನಿಂತಿತು. ಕೆಳಗೆ ಒಣ ಕೆರೆಯಲ್ಲಿ ಜನ ಬುಟ್ಟಿ ಹಿಡಿದು ಮೀನು ಆರಿಸುತ್ತಿದ್ದರು, ಮೇಲೆ ನೀರು ತೂಗುತ್ತಿತ್ತು. ಕಥೆ ಅಲ್ಲಿಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಒಬ್ಬ ಮಿಶಿನ್ ತಂದು ಭರ್ ಅನ್ನಿಸಿದ. ಇವರು ಮಧ್ಯಾಹ್ನದ ತನಕ ಎಳೆಯಬೇಕಾದ ಮರ, ಇವರ ಚಹಾ ಆರುವ ಮೊದಲೇ ತುಂಡಾಗಿ ಬಿತ್ತು. ಆ ಸಪ್ಪಳದಲ್ಲಿ ಕಥೆ ನಿಂತುಹೋಯಿತು. ನೀರು ಮೇಲೆಯೇ ಉಳಿಯಿತು.

ಇಬ್ಬರೂ ಕೂಡಿ ಒಂದು ಮಿಶಿನ್ ಕೊಳ್ಳೋಣ ಎಂದು ಗಬ್ಬೂರ ಬೈಪಾಸಿನ ಹತ್ತಿರ ರಾಜೇಶ್ವರಿಯ ಅಂಗಡಿಗೆ ಹೋದರು. ಪಂಪು, ಔಷಧ ಹೊಡೆಯುವ ಡಬ್ಬಿ, ಮರ ಕೊಯ್ಯುವ ಮಿಶಿನ್ ಎಲ್ಲ ಮಾರುವ ಅಂಗಡಿ ಅದು. ದೊಡ್ಡದೂ ಅಲ್ಲದ, ಸಣ್ಣದೂ ಅಲ್ಲದ, ದಿನಾ ಕೊಯ್ಯುವವರಿಗೆ ಒಪ್ಪುವ ಮಿಶಿನ್ ಎರಡು ಕಂಪನಿಯವು ಇದ್ದವು. ಕಿನ್ಸಾಯ್ ಕಂಪನಿಯದು ಕೆಂಪು, ಟೋರ್ಗನ್ ಕಂಪನಿಯದು ಹಸಿರು. ಹೆಸರಿಗೆ ನಾಲಿಗೆ ಹೊರಳದೆ ಎಲ್ಲರೂ ಬಣ್ಣದಿಂದಲೇ ಕರೆಯುತ್ತಿದ್ದರು.

"ಕೆಂಪು ತಗೊಳ್ಳೋಣು ಮಾದ್ಯಾ. ಹಗೂರ ಐತಿ, ಒಮ್ಮೆ ದಾರ ಜಗ್ಗಿದ್ರ ಸಾಕು, ಶುರು ಆಗತೈತಿ. ಮರ ಹತ್ತಿ ಕೊಯ್ಯಾಕ ಛಲೋ," ಎಂದ ಮುಜಮ್ಮಿಲ.

"ಹಗೂರ ಬೇಕಿದ್ರ ಕುಡಗೋಲ ತಗೋ," ಎಂದ ಮಹಾದೇವಪ್ಪ. "ಹಸರು ನೋಡು. ನಡುವ ಗಂಟು ಬಂದ್ರೂ ನಿಂದರಂಗಿಲ್ಲ. ಕೈಗೆ ಜುಮುಜುಮು ಅನ್ನಂಗಿಲ್ಲ."

"ಅದು ಎಮ್ಮಿ ಕಲಗಚ್ಚು ಕುಡದಂಗ ಪೆಟ್ರೋಲ ಕುಡೀತೈತಿ."

"ನಿಂದು ಗಂಟು ಕಂಡ ಕೂಡಲೇ ಮಾವನ್ನ ಕಂಡ ಹೊಸ ಅಳಿಯನಂಗ ಉಸರ ಹಿಡಕೊಂಡು ನಿಂದರತೈತಿ."

"ಎರಡೂ ಛಲೋ ಅದಾವ್ರಿ," ಎಂದಳು ರಾಜೇಶ್ವರಿ. ಯಾರು ಬಂದು ಕೇಳಿದರೂ ಅವಳು ಅದನ್ನೇ ಹೇಳುತ್ತಿದ್ದಳು.

ಜಗಳ ಅಂತ ಏನೂ ಆಗಲಿಲ್ಲ. ಅವತ್ತು ಬರಿಗೈಲಿ ಬಂದರು. ಮುಂದಿನ ವಾರ ಮಹಾದೇವಪ್ಪ ಒಬ್ಬನೇ ಹೋಗಿ ಹಸಿರು ತಂದ. ಅವನು ತಂದದ್ದು ಕೇಳಿ ಮುಜಮ್ಮಿಲ ಕೆಂಪು ತಂದ. ಮಿಶಿನ್ ಹಿಡಿಯಲು ಒಬ್ಬ ಮನುಷ್ಯ ಸಾಕು. ಮಹಾದೇವಪ್ಪ ಧಾರವಾಡದ ಕಡೆ ಕೊಯ್ದ, ಮುಜಮ್ಮಿಲ ಹುಬ್ಬಳ್ಳಿಯ ಕಡೆ ಕೊಯ್ದ. ಇಬ್ಬರ ನಡುವೆ ಇದ್ದದ್ದು ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟು ದಾರಿ. ಆದರೂ ವರ್ಷಗಳು ಹೋದವು.

ಮಿಶಿನ್ ಸಪ್ಪಳದಲ್ಲಿ ಮಹಾದೇವಪ್ಪ ಕಥೆ ಹೇಳಲು ನೋಡಿದ್ದುಂಟು. ತನ್ನ ದನಿ ತನಗೇ ಕೇಳಲಿಲ್ಲ. ಮನೆಯಲ್ಲಿ ಹೆಂಡತಿ ಶೇವಂತೆವ್ವನಿಗೆ ಹೇಳಿದರೆ ಅವಳು ಹೂಂ ಅನ್ನುತ್ತಿರಲಿಲ್ಲ, "ಸುಳ್ಳು," ಅನ್ನುತ್ತಿದ್ದಳು. ಸುಳ್ಳು ಎಂದು ಅವನಿಗೂ ಗೊತ್ತಿತ್ತು. ಅದನ್ನು ಹೇಳಿಬಿಟ್ಟರೆ ಕಥೆ ಮುಂದೆ ಹೋಗುವುದು ಹೇಗೆ?

ಈ ವರ್ಷ ಕೆರೆಯ ಹತ್ತಿರದ ಒಂದು ಮನೆಯವರು ಅವನಿಗೆ ಒಣ ಹುಣಸೆ ಮರ ಒಪ್ಪಿಸಿದರು. ಮರ ಮನೆಯ ಕಡೆಗೇ ವಾಲಿತ್ತು. ಅದರ ಬುಡ ಅವನ ಮಿಶಿನ್ನಿನ ಹಲ್ಲು ಸುತ್ತುವ ಪಟ್ಟಿಯ ಉದ್ದಕ್ಕಿಂತ ಅಗಲ. ಆಚೆ ಬದಿ ತಿಳಿದವನೊಬ್ಬ ನಿಲ್ಲಲೇಬೇಕು. ಜನ ಸಿಗುತ್ತಿರಲಿಲ್ಲ ಎಂದಲ್ಲ. ಬಂದವರನ್ನೆಲ್ಲ ಮಹಾದೇವಪ್ಪ ಏನೋ ಒಂದು ನೆಪ ಹೇಳಿ ಕಳಿಸಿದ. ಮನೆಯವರಿಗೆ ಮೊದಲು "ಅಮಾಸಿ ಆಗ್ಲಿರಿ" ಎಂದ, ಆಮೇಲೆ "ಮರದಾಗ ಗಿಣಿ ಮರಿ ಹಾಕ್ಯಾವ್ರಿ" ಎಂದ. ಮೂರನೆಯ ಸಲ ಹೇಳಲು ನೆಪ ಉಳಿದಿರಲಿಲ್ಲ.

ಆಗಲೇ ರಾಜೇಶ್ವರಿ ಫೋನ್ ಮಾಡಿದಳು.

"ಮಾದೇವಪ್ಪಣ್ಣಾರ, ಶಿವಯೋಗೀಶ ಅಂತ ಮಾವಿನ ತ್ವಾಟದವ್ರು ಬಂದಾರ. ಹಳೇ ಗಿಡ ಸವರಾಕ ಒಂದಷ್ಟು ಮಿಶಿನ್ ಬೇಕಂತ. ಎರಡೂ ಛಲೋ ಅದಾವ ಅಂದ್ರ ಒಪ್ಪವಲ್ರು. ಕೊಯ್ದು ತೋರಸ್ರಿ ಅಂತಾರ. ರವಿವಾರ ನೀವು ಹಸರು ಹಿಡೀರಿ. ಕೆಂಪಿಗೆ ಮುಜಮ್ಮಿಲಣ್ಣಗ ಹೇಳೇನಿ."

"ಅವ ಬರ್ತೇನಿ ಅಂದಾನೇನ್ರಿ?"

"ನೀವು ಬರ್ತೀರೇನು ಅಂತ ಕೇಳಿದ್ರು. ಹೌದು ಅಂದ್ನಿ. ಬರ್ತೇನಿ ಅಂದ್ರು."

ರವಿವಾರ ಅವನು ಗಾಡಿಗೆ ಮಿಶಿನ್ ಕಟ್ಟುವಾಗ ಶೇವಂತೆವ್ವ ಬುತ್ತಿ ತಂದುಕೊಟ್ಟಳು. ಇಬ್ಬರಿಗೆ ಆಗುವಷ್ಟು ರೊಟ್ಟಿ ಇತ್ತು.

"ನೆಟ್ಟಗ ಕೇಳ್ರಿ," ಎಂದಳು. "ಹುಣಸಿ ಮರ ಐತಿ, ಜೋಡಿ ಕೆಲಸಕ್ಕ ಬಾ ಅನ್ರಿ. ನಡುವ ಆನಿ ಒಂಟಿ ತರಬ್ಯಾಡ್ರಿ."

ಕೆಲಗೇರಿಯಿಂದ ಗಬ್ಬೂರದವರೆಗೂ ಮಹಾದೇವಪ್ಪ ಆ ಒಂದು ಮಾತನ್ನು ಬಾಯಿಪಾಠ ಮಾಡಿದ. ಹುಣಸಿ ಮರ ಐತಿ, ಬಾ. ಇಷ್ಟು ಸಣ್ಣ ಮಾತು ಅವನು ಜನ್ಮದಲ್ಲಿ ಆಡಿರಲಿಲ್ಲ.

ಅಂಗಡಿಯ ಹಿಂದಿನ ಬಯಲಿನಲ್ಲಿ ಮುಜಮ್ಮಿಲ ಆಗಲೇ ಬಂದು ನಿಂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅದನ್ನು ನೋಡಿ ಮಹಾದೇವಪ್ಪನ ಬಾಯಿಪಾಠ ಹಾರಿಹೋಯಿತು.

"ಏನಲೇ, ಹತ್ತಿ ಚೀಲದಾಗ ಮಾರಿ ಇಟ್ಟಿದ್ದೇನು? ಗಡ್ಡೆಲ್ಲಾ ಬೆಳ್ಳಗ ಆಗೇತಿ."

"ಇದು ನಿನ್ನ ಕಥಿ ಕೇಳಿದ ದಿನಾನ ಬೆಳ್ಳಗ ಆಗಿತ್ತು. ನೀ ಬಾಯಿ ಮುಚ್ಚಿದ್ದಿಲ್ಲ, ಅದಕ್ಕ ಕಣ್ಣಿಗೆ ಬಿದ್ದಿದ್ದಿಲ್ಲ."

"ಮತ್ತ, ನಿನ್ನ ಕೆಂಪು ಹೆಂಗ ಐತಿ?"

"ಛಲೋ ಐತಿ. ಕೈ ಜುಮು ಅಂತೈತಿ. ನಿನ್ನ ಹಸರು?"

"ಛಲೋ ಐತಿ. ಟೊಂಕ ಹಿಡೀತೈತಿ."

ಅಲ್ಲಿಗೆ ಮಾತು ಮುಗಿಯಿತು. ಹುಣಸೆ ಮರ ಮಹಾದೇವಪ್ಪನ ಗಂಟಲಲ್ಲೇ ಉಳಿಯಿತು. ರಾಜೇಶ್ವರಿ ಇಬ್ಬರಿಗೂ ಕಿವಿಗೆ ಹಾಕುವ ಮುಚ್ಚಳ ಕೊಟ್ಟಳು.

ಬಯಲಿನಲ್ಲಿ ದಪ್ಪ ಬೇವಿನ ದಿಮ್ಮಿ ಮಲಗಿತ್ತು. ರಾಜೇಶ್ವರಿ ಅದರ ತುದಿಗೆ ಸೀಮೆಸುಣ್ಣದಿಂದ ಎರಡು ಗೆರೆ ಹೊಡೆದಿದ್ದಳು. ಮೊದಲನೆಯದು ಹಸಿರಿಗೆ, ಎರಡನೆಯದು ಕೆಂಪಿಗೆ. ಒಬ್ಬೊಬ್ಬರೂ ತಮ್ಮ ಗೆರೆಯನ್ನು ಈಚೆಯಿಂದ ಅರ್ಧ ಕೊಯ್ದು, ಸುತ್ತು ಹಾಕಿ ಹೋಗಿ ಆಚೆಯಿಂದ ಅರ್ಧ ಕೊಯ್ಯಬೇಕು. ಮೊದಲು ಮುಗಿಸಿದವರ ಮಿಶಿನ್ ಗೆದ್ದಂತೆ. ಅವಳು ಫೋನಿನಲ್ಲಿ ಸಮಯ ನೋಡಲು ನಿಂತಳು. ಶಿವಯೋಗೀಶ ಕುರ್ಚಿ ಹಾಕಿಸಿಕೊಂಡು ಕೂತ.

ಕೆಂಪು ಒಂದೇ ಎಳೆತಕ್ಕೆ ಶುರುವಾಯಿತು. ಹಸಿರಿಗೆ ಎರಡು ಎಳೆತ ಬೇಕಾಯಿತು. ಮಹಾದೇವಪ್ಪ ಮೊದಲನೆಯ ಗೆರೆಗೆ ಪಟ್ಟಿ ಹಚ್ಚಿದ. ಹೊಟ್ಟು ಕಾಲ ಮೇಲೆ ಸುರಿಯಿತು. ತಲೆ ಎತ್ತಿ ನೋಡಿದರೆ ಎದುರಿಗೆ ಮುಜಮ್ಮಿಲ ನಿಂತಿದ್ದ. ಪಕ್ಕದ ಗೆರೆಯಲ್ಲಿ ಅಲ್ಲ, ದಿಮ್ಮಿಯ ಆಚೆ ಬದಿ, ಅದೇ ಗೆರೆಯ ಇನ್ನೊಂದು ತುದಿಯಲ್ಲಿ.

ಅವನು ಬೇಕಂತ ಹಾಗೆ ನಿಂತವನಲ್ಲ. ಜೀವಮಾನವೆಲ್ಲ ಕರಗಸ ಎಳೆದವನಿಗೆ ದಿಮ್ಮಿ ಎಂದರೆ ಒಂದೇ ಗೆರೆ, ಮಾದ್ಯಾ ಈಚೆ ನಿಂತರೆ ತಾನು ಆಚೆ. ಅವನ ಕಾಲಿಗೆ ಅಷ್ಟೇ ಗೊತ್ತಿತ್ತು. ಕಾಲು ಅಲ್ಲಿಗೇ ಹೋಗಿತ್ತು.

ಮುಜಮ್ಮಿಲನ ಕೆಂಪು ಮೇಲಿನ ದನಿಗೆ ಏರಿದ್ದೇ ತಡ, ಮಹಾದೇವಪ್ಪನ ಬೆರಳು ತಾನಾಗಿಯೇ ಸಡಿಲಾಯಿತು. ಹಸಿರು ಪಟ್ಟಿ ಹಿಂದೆ ಬಂತು. ಎದುರಿನವನು ಎಳೆಯುವಾಗ ತಾನು ಬಿಡಬೇಕು. ಕೆಂಪು ತನ್ನ ಪಾಲು ಕೊಯ್ದು ಹಿಂದೆ ಸರಿಯಿತು, ಹಸಿರು ಒಳಗೆ ಹೋಯಿತು. ಹಸಿರು ಹಿಂದೆ, ಕೆಂಪು ಒಳಗೆ. ರಾಜೇಶ್ವರಿ ಎರಡೂ ಕೈ ಬೀಸಿ ಏನೋ ಕೂಗುತ್ತಿದ್ದಳು. ಕಿವಿ ಮುಚ್ಚಲು ಅವಳೇ ಕೊಟ್ಟಿದ್ದಳಲ್ಲ, ಇವರಿಗೆ ಕೇಳುವುದು ಹೇಗೆ.

ಮಹಾದೇವಪ್ಪನ ತುಟಿ ಅಲುಗತೊಡಗಿತು. ತನ್ನ ಪಾಳಿ ಬಂದಾಗ ಒಂದು ತುಂಡು. ಮೇಲೆ ನೀರು ನಿಂತಿತ್ತು. ಕೆಳಗೆ ಜನ ಮೀನು ಆರಿಸುತ್ತಿದ್ದರು. ದನಿ ಅವನಿಗೂ ಕೇಳಲಿಲ್ಲ, ಯಾರಿಗೂ ಕೇಳಲಿಲ್ಲ. ಆದರೆ ತಾನು ಬಿಟ್ಟು, ಮುಜಮ್ಮಿಲ ಹಿಡಿದಾಗ, ಆ ಬಿಳಿ ಗಡ್ಡ ಎದೆಗೆ ತಾಗಿ ಮೇಲೆ ಬಂತು. ಮುಂದಿನ ಪಾಳಿಯಲ್ಲಿ ಮತ್ತೆ ತಾಗಿತು. ಮಹಾದೇವಪ್ಪನ ಕಣ್ಣಿಗೆ ಹೊಟ್ಟು ಬಿತ್ತು. ಹೊಟ್ಟು ಬಿತ್ತು ಎಂದೇ ಅವನು ಆಮೇಲೆ ಎಲ್ಲರಿಗೂ ಹೇಳಿದ.

ನಡುವೆ ಎರಡು ಬೆರಳಿನಷ್ಟು ಮರ ಉಳಿದಾಗ ಇಬ್ಬರೂ ಒಟ್ಟಿಗೇ ನಿಲ್ಲಿಸಿದರು, ಒಂದರ ಹಲ್ಲು ಇನ್ನೊಂದಕ್ಕೆ ತಾಗಬಾರದು. ಮುಜಮ್ಮಿಲ ಪಕ್ಕದಲ್ಲಿ ಬಿದ್ದಿದ್ದ ಕೊಡಲಿ ಎತ್ತಿ ಅದರ ಬೆನ್ನಿನಿಂದ ಒಂದು ಏಟು ಹಾಕಿದ. ತುಂಡು ಉರುಳಿತು. ಎರಡು ಕಡೆಯ ಕೊಯ್ತ ಕೂಡಿದ ಜಾಗದಲ್ಲಿ ಇರುವೆ ಎಡವುವಷ್ಟೂ ಏರಿಳಿತ ಇರಲಿಲ್ಲ.

"ನಾ ಎರಡು ಗೆರಿ ಯಾಕ ಹೊಡದಿದ್ನಿ?" ಎಂದಳು ರಾಜೇಶ್ವರಿ, ಇವರು ಕಿವಿಯ ಮುಚ್ಚಳ ತೆಗೆದ ಮೇಲೆ. "ದಿಮ್ಮಿಗೆ ಸೀರಿ ಉಡಸಾಕತ್ತಿದ್ನೇನು? ಅಂಚು ಚೆಂದ ಕಾಣ್ಲಿ ಅಂತ ಹೊಡದಿದ್ನೇನು?"

ಇಬ್ಬರೂ ಕೊಯ್ದ ಗೆರೆಯನ್ನೂ ಕೊಯ್ಯದ ಗೆರೆಯನ್ನೂ ನೋಡಿದರು. ಆಗಲೇ ಅವರಿಗೆ ತಾವು ಮಾಡಿದ್ದು ತಿಳಿದದ್ದು.

"ಈಗ ಯಾವ ಮಿಶಿನ್ ಗೆದ್ದಂಗ ಆತ್ರಿ?" ಎಂದು ಶಿವಯೋಗೀಶ ಕುರ್ಚಿಯಿಂದಲೇ ಕೇಳಿದ.

"ಎರಡೂ ಛಲೋ ಅದಾವ್ರಿ," ಎಂದಳು ರಾಜೇಶ್ವರಿ. ಆಮೇಲೆ ಇವರ ಕಡೆ ತಿರುಗಿ, "ಮತ್ತೊಮ್ಮೆ ಕೊಯ್ರಿ. ಹೊಸಾ ಗೆರಿ ಹೊಡೀತೇನಿ. ಬ್ಯಾರೆ ಬ್ಯಾರೆ ನಿಂದರಬೇಕು ಈ ಸಲ," ಎಂದಳು.

ಬೇರೆ ಬೇರೆ ಎನ್ನುವ ಮಾತಿಗೆ ಮಹಾದೇವಪ್ಪನ ಕೈಯಲ್ಲಿದ್ದ ಹಸಿರು ಒಂದು ಎಮ್ಮೆಯಷ್ಟು ಭಾರವಾಯಿತು. ಕೊಯ್ದು ಮುಗಿದರೆ ಮುಜಮ್ಮಿಲ ಹುಬ್ಬಳ್ಳಿಗೆ, ತಾನು ಕೆಲಗೇರಿಗೆ.

ಮುಜಮ್ಮಿಲ ತನ್ನ ಮಿಶಿನ್ ಮೇಲೆ ಅಂಗೈ ಇಟ್ಟು ನೋಡಿದ. "ಬಿಸಿ ಆಗೈತ್ರಿ ಅಕ್ಕಾರ. ತಣ್ಣಗ ಆಗೂತನಾ ಕುಂದರತೇವಿ," ಎಂದು ದಿಮ್ಮಿಯ ಮೇಲೆ ಕೂತ. ಮಹಾದೇವಪ್ಪನೂ ಕೂತು ಬುತ್ತಿ ಬಿಚ್ಚಿದ. ಇಬ್ಬರೂ ಒಂದೊಂದು ರೊಟ್ಟಿ ತೆಗೆದುಕೊಂಡರು.

"ಆ ನೀರು ಏನಾತು?" ಎಂದ ಮುಜಮ್ಮಿಲ, ದೂರದ ಬೈಪಾಸಿನ ಲಾರಿಗಳನ್ನು ನೋಡುತ್ತ.

"ಯಾವ ನೀರು?"

"ಕೆಲಗೇರಿ ಕೆರೀದು. ಮ್ಯಾಲ ನಿಂತಿತ್ತಲ್ಲ. ಇಳೀತೋ ಇಲ್ಲೋ?"

"ಹೆಂಗ ಇಳೀತೈತಿ? ಹೂಂ ಅನ್ನಾವ ಇಲ್ಲದ."

ಮುಜಮ್ಮಿಲ ರೊಟ್ಟಿ ಮುರಿದ. "ಹೂಂ," ಎಂದ.

ಮಹಾದೇವಪ್ಪ ಶುರು ಮಾಡಿದ. ನೀರು ಮೇಲೆ ನಿಂತದ್ದು ನೋಡಿ ಮೋಡಗಳು ತಮಗೆ ಜಾಗ ಇಲ್ಲವೆಂದು ಸಿಟ್ಟಿಗೆದ್ದು ಗದಗಿನ ಕಡೆ ಹೋದವು. ಹೂಂ. ಕೆಳಗೆ ಜನ ಆರಿಸದೆ ಬಿಟ್ಟ ಮೀನುಗಳೆಲ್ಲ ನಿಚ್ಚಣಿಕೆ ಹಚ್ಚಿ ಮೇಲೆ ಹತ್ತಿದವು. ಹೂಂ. ಹದ್ದುಗಳಿಗೆ ನೆಗಡಿ ಬಂತು. ಹೂಂ. ಊರ ಹೆಣ್ಣುಮಕ್ಕಳು ಮಾಳಿಗೆ ಮೇಲೆ ನಿಂತು, ಕೊಡ ಎತ್ತಿ ಹಿಡಿದು ನೀರು ತುಂಬಿಕೊಂಡರು. ಹೂಂ.

"ಆ ದಂಡ್ಯಾಗ ಇನ್ನೊಂದು ಮರ ಐತಿ, ಹುಣಸೀದು," ಎಂದ ಮಹಾದೇವಪ್ಪ. ದನಿ ಸಣ್ಣದಾಯಿತು. "ಖರೇ ಮರ. ಮನಿ ಕಡೆ ವಾಲೈತಿ. ಒಬ್ಬಾಂವಗ ಆಗಂಗಿಲ್ಲ. ನೀ ಬಾ."

ಮುಜಮ್ಮಿಲನ ಗದ್ದ ಎದೆಗೆ ತಾಗಿತು. "ಹೂಂ."

"ಕಥಿಗೆ ಅಂದ್ಯೋ, ಮರಕ್ಕ ಅಂದ್ಯೋ?"

"ಮರಕ್ಕಲೇ. ನಾಳೆ ಬರ್ತೇನಿ. ನೀರಿನ್ನೂ ಮ್ಯಾಲೇ ಐತಿ, ಮುಂದಕ್ಕ ಹೇಳು."

ರಾಜೇಶ್ವರಿ ಹೊಸ ಗೆರೆ ಹೊಡೆದು ಬಂದು ಎರಡೂ ಮಿಶಿನ್ ಮುಟ್ಟಿ ನೋಡಿದಳು. "ಕೊಡದಾಗಿನ ನೀರಿನಂಗ ತಣ್ಣಗ ಆಗ್ಯಾವಲ್ರಿ, ಏಳ್ರಿ."

"ಇಲ್ರಿ ಅಕ್ಕಾರ," ಎಂದ ಮುಜಮ್ಮಿಲ, ಕೆಂಪಿನ ಮೇಲೆ ಕೈ ಇಟ್ಟುಕೊಂಡೇ. "ಇನ್ನೂ ಬಿಸಿ ಅದಾವ."

ಮಹಾದೇವಪ್ಪನಿಗೆ ಕಥೆಯ ಕೊನೆ ಮೊದಲಿನಿಂದಲೂ ಗೊತ್ತಿರಲಿಲ್ಲ. ಇವತ್ತು ಅದನ್ನು ಹುಡುಕುವ ಅವಸರವೂ ಅವನಿಗೆ ಇರಲಿಲ್ಲ. ನೀರು ಬೀಳದ ಹಾಗೆ ಅದರ ಕೆಳಗೆ ಅವನು ಒಂದು ಆನೆಯನ್ನು ತಂದು ನಿಲ್ಲಿಸಿದ.

"ಹೂಂ," ಎಂದ ಮುಜಮ್ಮಿಲ.