ಬಿಡ್ರಿ ಅನ್ನುವ ತನಕ

೧

ಎಲ್ಲಿಂದ ಶುರು ಮಾಡಲಿ? ಸೂರ್ಯೋದಯದಿಂದ ಬೇಡ. ಸೂರ್ಯ ನಮಸ್ಕಾರದ ಕಥೆಗೆ ಅದು ತೀರಾ ಅಗ್ಗ. (ಬರೆದಿದ್ದೆ, ಹೊಡೆದು ಹಾಕಿದೆ.) ಹೊಳಲ್ಕೆರೆಯ ಒಂದು ಸಮುದಾಯ ಭವನ, ಬೆಳಗಿನ ಬ್ಯಾಚ್, ಹದಿನೆಂಟು ಜನ. ಯೋಗ ಮೇಷ್ಟ್ರು ಕೊಟ್ರೇಶ್, ವಯಸ್ಸು ಮೂವತ್ತನಾಲ್ಕು, ಇಸ್ತ್ರಿ ಮಾಡಿದ ಬಿಳಿ ಟೀ ಶರ್ಟು. ಮುಂದಿನ ಸಾಲಿನಲ್ಲಿ ಅರವತ್ತೆರಡರ ದಾಕ್ಷಾಯಣಮ್ಮ, ಹೊರಕೆರೆದೇವಪುರದಿಂದ ಮೊದಲ ಬಸ್ಸಿಗೆ ಬರುವವರು. ಶಾಲೆಯ ಮುಖ ನೋಡದ ಅವರಿಗೆ ಕೊಟ್ರೇಶನೇ ಮೊದಲ ಮೇಷ್ಟ್ರು.

ಕೈ ಮೇಲೆತ್ತುವಾಗ ಉಸಿರು ಒಳಗೆ, ಬಾಗುವಾಗ ಹೊರಗೆ. ಹನ್ನೆರಡು ಭಂಗಿಗಳೂ ಹೀಗೇ ನಿಲ್ಲದೆ ಸಾಗಬೇಕು, ಅಷ್ಟೇ ವಿಷಯ. ಆದರೆ ಮೊದಲ ದಿನವೇ ಕೊಟ್ರೇಶ್ ಜಂಭ ಕೊಚ್ಚಿಕೊಂಡಿದ್ದ: "ಉಸಿರು ನಿಮ್ದಾದ್ರೂ ಹುಕುಂ ನಂದು. ನಾನು ಬಿಡ್ರಿ ಅನ್ನೋ ತನಕ ಯಾರೂ ಬಿಡಂಗಿಲ್ಲ."

೨

"ತಗೊಳ್ರಿ," ಅಂದ. ಕೈಗಳು ಮೇಲೆದ್ದವು. ಅಷ್ಟರಲ್ಲಿ ಫೋನ್. ಯೋಗ ದಿನದ ಕಾರ್ಯಕ್ರಮ ನಡೆಸುವ ಪ್ರಭು: "ಸರ್, ಈ ಸಲ ವೇದಿಕೆ ಮ್ಯಾಲೆ ನಿಮಗೂ ಒಂದು ಕುರ್ಚಿ ಐತೆ." ಕೊಟ್ರೇಶ್ ಉಬ್ಬಿಹೋಗಿ, ಮಾತಾಡುತ್ತಾ ಬಾಗಿಲ ಕಡೆ ನಡೆದ.

(ಇಲ್ಲಿ ಕುರ್ಚಿಯ ಬಗ್ಗೆ ಒಂದು ಪ್ಯಾರಾ ಬರೆಯಬೇಕೆನಿಸಿತು, ವಿಮರ್ಶಕರು ಖುಷಿಪಡುವಂಥದ್ದು. ಯಾವ ಬಣ್ಣದ ಕುರ್ಚಿ ಎಂದು ಯೋಚಿಸುತ್ತಾ ಟೀ ಕುಡಿದು ಬಂದೆ. ಬಂದು ನೋಡಿದರೆ, ಅಯ್ಯೋ, ದಾಕ್ಷಾಯಣಮ್ಮ ಇನ್ನೂ ಉಸಿರು ಬಿಟ್ಟಿಲ್ಲ.)

ಉಳಿದವರೆಲ್ಲ ಕದ್ದುಮುಚ್ಚಿ ಬಿಟ್ಟು, ಮತ್ತೆ ತೆಗೆದುಕೊಂಡಿದ್ದರು. ಅವರೊಬ್ಬರೇ ಕೈ ಎತ್ತಿಕೊಂಡು ಕಾದರು, ಕಾದರು, ದೊಪ್ಪನೆ ಬಿದ್ದರು.

೩

ಮುಖಕ್ಕೆ ನೀರು ಚಿಮುಕಿಸಿದರು. ಕಣ್ಣು ಬಿಟ್ಟ ದಾಕ್ಷಾಯಣಮ್ಮ ಮೇಷ್ಟ್ರ ಕೈಯಲ್ಲಿದ್ದ ಫೋನನ್ನೊಮ್ಮೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ತಪ್ಪು ನಂದೇ ಕಣ್ರಪ್ಪ. ನಿನ್ನೆಯಿಂದ ಉಪಾಸ ಇದ್ದೆ," ಅಂದರು.

ಹಿಂದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ, ಅವರು ಕೊಟ್ರೇಶನಿಗೂ ಒಂದು ಮಿರ್ಚಿ ಕೊಟ್ಟಿದ್ದರು. ಸುಳ್ಳೆಂದು ಅವನಿಗೆ ಗೊತ್ತಿತ್ತು. ಆದರೂ, "ಉಪಾಸ ಇದ್ದಾಗ ಬರಬ್ಯಾಡ್ರಿ ಅಂತ ಹೇಳಿರ್ಲಿಲ್ವೇನಮ್ಮ?" ಎಂದು ಎಲ್ಲರ ಮುಂದೆ ಗದರಿಬಿಟ್ಟ. ನಾನು ಅವನಿಗೆ ಬರೆದುಕೊಟ್ಟಿದ್ದ ಮಾತು ಅದಲ್ಲ.

೩ (ಇನ್ನೊಂದು ಸಲ)

ನನ್ನ ಡ್ರಾಫ್ಟಿನಲ್ಲಿ ಅವನು ಅಲ್ಲೇ ತಪ್ಪೊಪ್ಪಿಕೊಳ್ಳುತ್ತಾನೆ. ಕೊಟ್ರೇಶ್ ಒಪ್ಪಲಿಲ್ಲ.

"ಹಂಗ್ ಬರೀಬ್ಯಾಡ್ರಿ ಸಾರ್. ಅಷ್ಟು ಜನದ ಮುಂದೆ ನನ್ ಮರ್ವಾದೆ ಏನಾಗ್ಬೇಕು?"

"ಅವರದು ಹೋಯ್ತಲ್ಲಪ್ಪ?"

"ಅದುಕ್ಕೇ ಅನ್ನ ಇಳೀತಿಲ್ಲ ಸಾರ್. ಕನ್ನಡಿ ಮುಂದೆ ನಿಂತ್ಕಳಾಕೂ ನಾಚಿಕೆ ಆಗ್ತೈತೆ." ಆಮೇಲೆ ನನ್ನನ್ನೇ ಕೇಳಿದ, "ನೀವೂ ಟೀ ಕುಡಿಯಾಕೆ ಹೋಗಿದ್ರಲ್ಲ?"

ನಾನು ಆ ಡ್ರಾಫ್ಟನ್ನು ಬದಿಗಿಟ್ಟೆ.

ಮತ್ತೊಂದು ಡ್ರಾಫ್ಟಿನಲ್ಲಿ ದಾಕ್ಷಾಯಣಮ್ಮ ಮತ್ತೆ ಬರುವುದೇ ಇಲ್ಲ. ಅದು ನಮ್ಮಿಬ್ಬರಿಗೂ ಅನುಕೂಲವಾಗಿತ್ತು. ಆದರೆ ಮರುದಿನ ಅವರು ಮೊದಲ ಬಸ್ಸಿಗೇ ಬಂದಿಳಿದರು.

೫

(ನಾಲ್ಕು ಬರೆಯಲು ಧೈರ್ಯವಾಗಲಿಲ್ಲ.)

ಅದೇ ಮುಂದಿನ ಸಾಲು. ಫೋನ್ ಆಫ್ ಆಗಿದೆ. "ತಗೊಳ್ರಿ," ಅಂದ ಕೊಟ್ರೇಶ್. ಕೈಗಳು ಎದ್ದವು. ಈಗ ಬರೀ "ಬಿಡ್ರಿ" ಅಂದರೆ ಕ್ಲಾಸು ಎಂದಿನಂತೆ ಸಾಗುತ್ತದೆ, ಸುಳ್ಳೂ ಜೊತೆಗೇ ಸಾಗುತ್ತದೆ. ಅದಕ್ಕೂ ಮೊದಲು "ತಪ್ಪು ನಂದು" ಅನ್ನಬೇಕು. ಅದು ಗಂಟಲವರೆಗೆ ಬಂದು ಕೂತಿದೆ, "ಬಿಡ್ರಿ" ಅನ್ನುವ ಮಾತನ್ನೂ ಹೊರಗೆ ಬಿಡುತ್ತಿಲ್ಲ.

ಕಥೆಯನ್ನು ಇಲ್ಲಿಗೆ ನಿಲ್ಲಿಸುವುದು ನನ್ನ ಪ್ಲಾನ್. ಓಪನ್ ಎಂಡಿಂಗ್, ಸ್ಟೈಲಾಗಿರುತ್ತದೆ. ಆದರೆ ನಿಲ್ಲಿಸಿದರೆ, ಉಸಿರು ಹಿಡಿದು ನಿಂತಿರುವ ದಾಕ್ಷಾಯಣಮ್ಮನ ಗತಿ? ತಡೆಯಲಾರದೆ ನಾನೇ ಕೂಗಿದೆ: "ಬಿಡ್ರಮ್ಮ, ಉಸಿರು ಬಿಡ್ರಿ!" ಓದುಗರೇ, ನೀವೂ ಕೂಗಿ.

ದಾಕ್ಷಾಯಣಮ್ಮ ನಮ್ಮ ಮಾತು ಕೇಳುವವರಲ್ಲ. ಮೇಷ್ಟ್ರ ಬಾಯನ್ನೇ ನೋಡುತ್ತಿದ್ದಾರೆ.