ಸಾಬಮ್ಮನ ಕತೆಯ ಕೊನೆಯ ಹಾಳೆ

ಸೇಡಂ ಕಚೇರಿಯ ಗುಮಾಸ್ತ ಬಸವಂತರಾಯನಿಗೆ ಮಾತು, ಜಗಳ, ಕನಸು ಎಲ್ಲ ಕನ್ನಡದಲ್ಲೇ. ಬರೆಯಲು ಮಾತ್ರ ಕನ್ನಡದ ಒಂದಕ್ಷರವೂ ಬಾರದು. ತಪ್ಪು ಅವನದಲ್ಲ, ನಿಜಾಮರ ಸಾಲೆಯಲ್ಲಿ ಕಲಿಸಿದ್ದು ಉರ್ದು. ಆದರೆ ಕತೆಯ ಹುಚ್ಚು ಲಿಪಿ ನೋಡಿ ಹಿಡಿಯುತ್ತದೆಯೇ? ಅವನು ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು, ಕನ್ನಡದ ಕತೆಗಳನ್ನು ಉರ್ದು ಅಕ್ಷರದಲ್ಲಿ, ಬಲದಿಂದ ಎಡಕ್ಕೆ ಬರೆಯುತ್ತಿದ್ದ. ಹೆಂಡತಿ ಮಹಾದೇವಮ್ಮ ಕೇಳಿದರೆ "ಸರಕಾರಿ ಕಾಗದ" ಎಂದುಬಿಡುತ್ತಿದ್ದ.

ಮಹಾದೇವಮ್ಮ ತವರುಮನೆ ತೆಂಗಳಿಯಲ್ಲಿ ಮಠದ ಅಯ್ಯನವರಿಂದ ಕನ್ನಡ ಕಲಿತವಳು. ಮಧ್ಯಾಹ್ನ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಶರಣರ ಕತೆಗಳನ್ನು ಓದಿ ಹೇಳುತ್ತಿದ್ದಳು. ಅಂಥವಳೆದುರು 'ನಾನೂ ಕತೆಗಾರ, ಆದರೆ ಕನ್ನಡ ಬರೆಯಲು ಬಾರದು' ಅನ್ನಲಿಕ್ಕೆ ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಗಂಡಸರ ಮಾನ ಎಲ್ಲೆಲ್ಲಿ ಅಡಗಿರುತ್ತದೋ ಆ ಶಿವನೇ ಬಲ್ಲ.

ಶಹಾಬಾದಿನಲ್ಲಿ ಕನ್ನಡ ಬರಹಗಾರರ ಸಭೆ ಎಂಬ ಸುದ್ದಿ ಬಂದಾಗ ಅವನಿಗೆ ಕೂತಲ್ಲಿ ಕೂಡಲಾಗಲಿಲ್ಲ. ಒಮ್ಮೆಯಾದರೂ ತನ್ನ ಕತೆಯನ್ನು ಯಾರಾದರೂ ಕೇಳಬೇಕು ಎಂಬುದೊಂದೇ ಆಸೆ. ಕಚೇರಿ ಕೆಲಸ ಎಂದು ಮನೆಯಲ್ಲಿ ಸುಳ್ಳು ಹೇಳಿ ರೈಲು ಹತ್ತಿದ. ದಾರಿಯಲ್ಲಿ ಕತೆಯ ಕೊನೆಯ ಹಾಳೆ ತಿದ್ದಿ, ಅದನ್ನು ಕೋಟಿನ ಜೇಬಿನಲ್ಲಿಟ್ಟು ಅಲ್ಲೇ ಮರೆತ.

ಚಪ್ಪರದ ಬಾಗಿಲಲ್ಲಿ ಒಂದು ಮೇಜು. ಕತೆ, ಕವಿತೆ ತಂದವರು ಅಲ್ಲಿಡಬೇಕು, ಆರಿಸಿದ್ದನ್ನು ಸಭೆಯಲ್ಲಿ ಓದುತ್ತಾರೆ. ಬಸವಂತರಾಯ ಯಾರೂ ನೋಡದ ಹೊತ್ತಿನಲ್ಲಿ, ಹೆಸರು ಸಹ ಹಾಕದೆ, ತನ್ನ ಹಾಳೆಗಳನ್ನು ಅಲ್ಲಿದ್ದ ಕಾಗದಗಳ ಕೆಳಗೆ ತೂರಿಸಿ ಹಿಂದಿನ ಸಾಲಿಗೆ ಹೋಗಿ ಕುಳಿತ.

ಆ ದಿನಗಳಲ್ಲಿ ನಾಲ್ಕು ಮಂದಿ ಸಭೆ ಸೇರಬೇಕಾದರೂ ಸರಕಾರದ ಅಪ್ಪಣೆ ಬೇಕು. ಅಪ್ಪಣೆಯ ಬೆನ್ನಿಗೇ ಒಬ್ಬ ಪೊಲೀಸ್ ಅಮೀನನೂ ಬಂದು ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಳ್ಳುತ್ತಿದ್ದ. ಅಂದು ಬಂದವನು ಚಿಂಚೋಳಿ ಕಡೆಯ ಸಿರಾಜುದ್ದೀನ. ಬೆಳಗಿನ ಭಾಷಣಗಳಿಗೆ ಹಿತವಾಗಿ ತೂಕಡಿಸಿ ಮುಗಿಸಿದ್ದ.

ಸಭೆಯ ಕಾರ್ಯದರ್ಶಿ ಜಯತೀರ್ಥ ಕತೆಗಳನ್ನು ತಿರುವಿ ಹಾಕುತ್ತಿದ್ದವನು ಉರ್ದು ಹಾಳೆ ಕಂಡೊಡನೆ ಬೆವೆತ. ಉರ್ದು ಓದಲು ಬಾರದ ಅವನಿಗೆ ಉರ್ದು ಕಾಗದವೆಂದರೆ ಸರಕಾರದ ಹುಕುಂ ಎಂದೇ ಅರ್ಥ. ಓಡಿಹೋಗಿ ಅಮೀನನ ಮುಂದೆ ಹಿಡಿದ.

"ಸಾಹೇಬ್ರ, ಸಭಾ ಬಂದ್ ಮಾಡ್ರಿ ಅಂತ ಹುಕುಂ ಬಂದದೇನ್ರಿ?"

ಬಸವಂತರಾಯ ಎದ್ದು 'ಅದು ನನ್ನದು' ಅನ್ನಬೇಕಿತ್ತು, ಆದರೆ ಮುಂದಿನವರ ಬೆನ್ನಿನ ಮರೆಗೆ ಸರಿದು ಕುಳಿತ. ಸಿರಾಜುದ್ದೀನ ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಹುಕುಂ ಓದುವ ಗತ್ತಿನಲ್ಲೇ ಶುರುಮಾಡಿದ.

"ಕುರಕುಂಟಾದ ಸಾಬಮ್ಮ ಸೊಸಿ ಮ್ಯಾಲ ಸಿಟ್ಟಾಗಿ, ಗಂಟು ಕಟ್ಟಿಕೊಂಡು ವಾಡಿಗೆ ಮಗಳ ಮನಿಗೆ ಹೊಂಟಳು."

ಅಮೀನ ತಾನೇ ಬೆರಗಾಗಿ ಅದೇ ಸಾಲನ್ನು ಇನ್ನೊಮ್ಮೆ ಓದಿದ. ಹಿಂದೆ ಯಾರೋ ಕಿಸಕ್ಕೆಂದರು. ಅವನು ಕುರ್ಚಿ ಮುಂದಕ್ಕೆಳೆದುಕೊಂಡು ಓದುತ್ತಾ ಹೋದ. ರೈಲು ಹತ್ತಿದ ಸಾಬಮ್ಮ ಪ್ರತಿ ಸ್ಟೇಷನ್ನಿನಲ್ಲೂ ಸೊಸೆ ಕರೆಯಲು ಬಂದಳೇ ಎಂದು ಕಿಟಕಿಯಿಂದ ಇಣುಕುತ್ತಾಳೆ. ಸೊಸೆಯೋ ಹಿಂದಿನ ಡಬ್ಬಿಯಲ್ಲೇ ಕುಳಿತಿದ್ದಾಳೆ, ಅತ್ತೆ ಇಳಿಯದ ಹೊರತು ಕರೆಯಬಾರದೆಂದು ಹಟ ಹಿಡಿದು. ಚಿತ್ತಾಪುರ ಬರುವ ಹೊತ್ತಿಗೆ ಇಡೀ ಚಪ್ಪರ ನಗುತ್ತಿತ್ತು. ರೈಲು ವಾಡಿಗೆ ಬಂದು ನಿಂತಿತು, ಅತ್ತೆ ಕೆಳಗೆ ಕಾಲಿಟ್ಟಳು, ಅಷ್ಟರಲ್ಲಿ ಹಾಳೆ ಮುಗಿಯಿತು.

"ಮುಂದ?" ಅಮೀನ ಜಯತೀರ್ಥನನ್ನು ಗದರಿಸಿದ. "ಸೊಸಿ ಏನ್ ಮಾಡಿದಳು? ಇದನ್ನ ಬರದವರು ಯಾರದಾರ?"

ಬಸವಂತರಾಯನ ಕೈ ಜೇಬಿಗೆ ಹೋಯಿತು. ಸುಮ್ಮನೆ ಕುಳಿತರೆ ಮಾನ ಉಳಿಯುತ್ತದೆ. ಆದರೆ ಸಾಬಮ್ಮ ಪಾಪ, ಆ ಸ್ಟೇಷನ್ನಿನಲ್ಲೇ ನಿಂತುಬಿಡುತ್ತಾಳೆ. ಅವನು ಎದ್ದು ಮುಂದೆ ಬಂದು ಕೊನೆಯ ಹಾಳೆಯನ್ನು ತಾನೇ ಓದಿದ. ಸೊಸೆ ಒಂದು ಮಾತೂ ಆಡದೆ ಅತ್ತೆಯ ಗಂಟನ್ನು ತನ್ನ ತಲೆಗೇರಿಸಿಕೊಂಡು ತಿರುಗಿ ಹೋಗುವ ರೈಲಿನ ಕಡೆ ನಡೆದಳು. ಸಾಬಮ್ಮ ಹಿಂದೆ ನಡೆಯುತ್ತಾ, "ಹಾಲಿಗಿ ಹೆಪ್ಪರೆ ಹಾಕಿ ಬಂದೀ ಇಲ್ಲೋ?" ಎಂದು ಕೇಳಿದಳು.

ಚಪ್ಪಾಳೆ ನಿಂತ ಮೇಲೆ ಜಯತೀರ್ಥ, "ಕನ್ನಡ ಅಕ್ಷರದಾಗ ಬರದು ಕಳಸ್ರಿ, ನಮ್ಮ ಸಂಚಿಕಿದಾಗ ಹಾಕ್ತೀವಿ" ಎಂದ.

"ನನಗ ಬರಾಂಗಿಲ್ಲರಿ" ಎಂದ ಬಸವಂತರಾಯ. ಯಾರೂ ನಗಲಿಲ್ಲ. ಮುಂದಿನ ಸಾಲಿನ ವಕೀಲರೊಬ್ಬರು, "ನನ್ನ ಗತಿನೂ ಅದೇ ಅದರಿ, ಹೇಳಲಾಕ ನಾಚಿಕಿ ಬರ್ತಿತ್ತು" ಎಂದರು. ಊಟಕ್ಕೆ ಅವರ ಪಕ್ಕದಲ್ಲೇ ಕುಳಿತು ಬಸವಂತರಾಯ ಹೊಟ್ಟೆ ಬಿರಿಯುವಷ್ಟು ಉಂಡ. ಹಿಂದೆಂದೂ ಅಷ್ಟು ಹಗುರ ಮನಸ್ಸಿನಿಂದ ಉಂಡ ನೆನಪು ಅವನಿಗಿರಲಿಲ್ಲ.

ಮರುದಿನ ಶಹಾಬಾದಿನ ಬಜಾರದಲ್ಲಿ ಒಂದು ಪಾಟಿ, ಬಳಪ ಕೊಂಡು ಮನೆಗೆ ಬಂದ. ಜೋಳ ಹಸನು ಮಾಡುತ್ತಿದ್ದ ಮಹಾದೇವಮ್ಮ ತಲೆ ಎತ್ತಿದಳು.

"ಪಾಟಿ ಯಾರಿಗ್ರಿ?"

"ನನಗ. ನಾ ಬರೀತಿದ್ದದ್ದು ಸರಕಾರಿ ಕಾಗದ ಅಲ್ಲ, ಕತಿ. ಕನ್ನಡ ಬರಿಯೋದು ನೀ ಕಲಸು."

"ಮೊದಲ ಆ ಕತಿ ಓದ್ರಿ" ಎಂದಳು ಅವಳು.

ಅವನು ಓದಿದ. ಸಾಬಮ್ಮ ಬೇರೆ ಯಾರೂ ಅಲ್ಲ, ತೀರಿಹೋದ ಅವನ ಅವ್ವನೇ. ಒಮ್ಮೆ ಅವಳು ಹೀಗೇ ಮಹಾದೇವಮ್ಮನ ಮೇಲೆ ಸಿಟ್ಟಾಗಿ ವಾಡಿಗೆ ಹೋಗಿದ್ದಳು, ಸಿಟ್ಟು ಇಳಿದ ಮೇಲೆ ತಾನೇ ಬಂದಿದ್ದಳು. ಸೊಸೆ ಹಿಂದಿನ ಡಬ್ಬಿಯಲ್ಲಿದ್ದದ್ದು ಮಾತ್ರ ಬಸವಂತರಾಯನ ಕಲ್ಪನೆ. ಆ ಜಾಗಕ್ಕೆ ಬಂದಾಗ ಮೊರ ಆಡಿಸುತ್ತಿದ್ದ ಮಹಾದೇವಮ್ಮನ ಕೈ ನಿಂತಿತು.

"ನಿಮಗ ಯಾರು ಹೇಳಿದರು?"

"ಯಾರೂ ಹೇಳಿಲ್ಲ. ನಾನೇ ಕಟ್ಟೀನಿ."

"ಖರೇನೇ ನಾ ಆ ರೈಲು ಹತ್ತಿದ್ದೆರಿ. ಚಿತ್ತಾಪುರದಾಗ ಧೈರ್ಯ ಸಾಲದೆ ಇಳದು ವಾಪಸ್ ಬಂದೆ. ಅತ್ತಿಗಿ ಕಡೀತನಕಾ ಹೇಳಲೇ ಇಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಕಡೀ ಹಾಳಿ ಇನ್ನೊಮ್ಮೆ ಓದ್ರಿ" ಎಂದಳು. ಅವನು ಓದಿದ. ಹೆಪ್ಪಿನ ಮಾತು ಬಂದಾಗ ಇಬ್ಬರೂ ನಕ್ಕರು.

"ಕತ್ಯಾಗರೆ ವಾಡಿ ತನಕಾ ಕರಕೊಂಡು ಹೋದ್ರಿ, ಭಾಳ ಚಲೋ ಆತು" ಎಂದು ಅವಳು ಮೊರ ಪಕ್ಕಕ್ಕಿಟ್ಟು ಪಾಟಿ ಒರೆಸಿದಳು. "ಕುಂದ್ರಿ."

ಅವನು ಕುಳಿತು, ರೂಢಿಯಂತೆ ಪಾಟಿಯ ಬಲ ಅಂಚಿಗೆ ಬಳಪ ಒಯ್ದ. ಮಹಾದೇವಮ್ಮ ಅವನ ಕೈ ಹಿಡಿದು ಎಡಕ್ಕೆ ತಂದಳು.

"ಈ ಕಡಿಂದ ಬರ್ರಿ" ಎಂದಳು.