ಭದ್ರಮ್ಮನ ಅಳತೆಯ ಕಲ್ಲುಬೆಂಚು

ಬಿಳಿಕೆರೆಯ ಬಸ್ ಸ್ಟಾಪಿನಲ್ಲಿ ಗಂಡಸರಿಗೆ ಕೂರಲು ಟೀ ಹೋಟೆಲಿನ ಬೆಂಚಿತ್ತು. ಹೆಂಗಸರು ನಿಲ್ಲಬೇಕು. ಹಾಗಂತ ಯಾರೂ ಬೋರ್ಡು ಬರೆದು ಹಾಕಿರಲಿಲ್ಲ, ಆದರೆ ಆ ಬೆಂಚಿನ ಮೇಲೆ ಕೂತ ಹೆಂಗಸನ್ನು ಊರು ಸುಮ್ಮನೆ ಬಿಡುತ್ತಿರಲಿಲ್ಲ. ಭದ್ರಮ್ಮನಿಗೆ ಮಂಡಿ ಸವೆದು ಹೋಗಿತ್ತು. ವಾರಕ್ಕೊಮ್ಮೆ ಹುಣಸೂರಿನ ಆಸ್ಪತ್ರೆಗೆ ಹೋಗಬೇಕು, ಬಸ್ಸು ಬರುವ ತನಕ ಬಿಸಿಲಲ್ಲಿ ಒಣಗಬೇಕು. ನೆಲದ ಮೇಲೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಎಬ್ಬಿಸುವವರು ನಗುತ್ತಲೇ ಎಬ್ಬಿಸುತ್ತಾರೆ. ಆ ನಗು ಕೇಳಿದರೆ ಅವಳ ಮೈಯೆಲ್ಲ ಉರಿಯುತ್ತಿತ್ತು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಆರ್ಕಿಟೆಕ್ಚರ್ ಓದುವ ಹುಡುಗ ಹುಡುಗಿಯರು ಮೈಸೂರಿನಿಂದ ಬಂದರು. ವಯಸ್ಸಾದವರಿಗೆ ಅನುಕೂಲವಾಗುವಂಥದ್ದೇನಾದರೂ ಕಟ್ಟಬೇಕು, ಅದೂ ಅವರನ್ನೇ ಕೇಳಿ ಕಟ್ಟಬೇಕಂತೆ. ಅರಳಿಕಟ್ಟೆಯಲ್ಲಿ ಸಭೆ ಸೇರಿತು. ಊರ ಹಿರಿಯ ಜವರಯ್ಯ ಗಂಟಲು ಸರಿಮಾಡಿಕೊಂಡು, ಇಸ್ಪೀಟಾಡಲು ಒಂದಿಷ್ಟು ನೆರಳಾದರೆ ಸಾಕು ಎಂದ. ಹಿಂದೆ ನಿಂತಿದ್ದ ಹೆಂಗಸರು, "ನೀವೇನ್ ಮಾಡುದ್ರೂ ಸರಿ ಕಣವ್ವ" ಅಂದರು. ಗಂಡಸರೆದುರು ಇನ್ನೇನು ತಾನೇ ಅಂದಾರು?

ಪವಿತ್ರ ಎಂಬ ಹುಡುಗಿ ಮಾತ್ರ ಸಭೆ ಮುಗಿದ ಮೇಲೆ ಭದ್ರಮ್ಮನ ಹಿಂದೆಯೇ ಬಂದಳು.

"ಅಜ್ಜಿ, ನಿಜ ಹೇಳಿ, ನಿಮಗೇನು ಬೇಕು?"

"ಬಸ್ ಸ್ಟಾಪಲ್ಲಿ ಕೂರಕ್ಕೊಂದ್ ಜಾಗ ಕಣವ್ವ. ಕೂತ್ ಮ್ಯಾಲೆ ಯಾರ್ ಕೈಯೂ ಹಿಡೀದೆ ನಾನೇ ಏಳಂಗಿರ್ಬೇಕು."

ಹುಡುಗಿ ಇಟ್ಟಿಗೆ ಪೇರಿಸಿ ಕೂರಿಸಿದಳು. "ತಗ್ಗಾಯ್ತು" ಅಂದಳು ಭದ್ರಮ್ಮ. ಇನ್ನೊಂದು ವರಸೆ ಪೇರಿಸಿದರೆ, "ಅಯ್ಯೋ, ಕಾಲು ನೇತಾಡ್ತವೆ!" ಹೀಗೇ ಕೂತು, ಎದ್ದು, ನಕ್ಕು, ಅಳತೆ ಕುದುರಿತು. ಕೈ ಊರಿ ಏಳಲು ಎರಡೂ ಕಡೆ ಕಲ್ಲು, ಬೆನ್ನಿಗೆ ಗೋಡೆ. ನಿನಗೆ ಯಾವುದು ಹಿತ ಎಂದು ಭದ್ರಮ್ಮನನ್ನು ಅದುವರೆಗೆ ಒಬ್ಬರೂ ಕೇಳಿರಲಿಲ್ಲ. ತೀರಿಕೊಂಡ ಗಂಡ ಚಿಕ್ಕಬೀರಯ್ಯನಂತೂ ಕೇಳುವ ಪೈಕಿಯಲ್ಲ. ಅವನು ಉಣ್ಣುವಾಗ ಅವಳು ಗೋಡೆ ಹಿಡಿದು ನಿಲ್ಲಬೇಕು, ಅವನು ಜಗಲಿಗೆ ಬಂದರೆ ಎದ್ದು ಒಳಗೆ ಹೋಗಬೇಕು. ಅವನು ಸತ್ತಾಗ ಅವಳು ಅತ್ತದ್ದು ಜನ ನೋಡುತ್ತಾರೆಂದು.

ಮಗ ಕನಕರಾಜು ಪಂಚಾಯ್ತಿ ಮೆಂಬರು. ಅಮ್ಮನ ಬೆಂಚಿನ ಸುದ್ದಿ ಕೇಳಿ ಎದೆ ಉಬ್ಬಿಸಿಕೊಂಡು, "ಚಪ್ಪಡಿ ನಾನ್ ಕೊಡುಸ್ತೀನಿ" ಅಂದ. ಕೊಡಿಸಿದ.

ಉದ್ಘಾಟನೆಯ ದಿನ ಬಟ್ಟೆ ಸರಿಸಿದರೆ, ಕೂರುವ ಚಪ್ಪಡಿಯ ಮೇಲೆ ದಪ್ಪ ಅಕ್ಷರ ಕೆತ್ತಿತ್ತು. ಪವಿತ್ರ ಮುಖ ಸಣ್ಣಗೆ ಮಾಡಿಕೊಂಡು ಓದಿದಳು: "ದಿವಂಗತ ಚಿಕ್ಕಬೀರಯ್ಯನವರ ಜ್ಞಾಪಕಾರ್ಥ." ನುಣುಪು ಮಾಡಿದ್ದು ಅದೊಂದೇ ಜಾಗ, ಅದಕ್ಕೇ ಅಲ್ಲೇ ಕೆತ್ತಿಸಿದೆ ಎಂದು ಕನಕರಾಜು ಹಲ್ಲು ಬಿಟ್ಟ. ಅಮ್ಮನ ಕಣ್ಣಲ್ಲಿ ನೀರು ನೋಡಿ, ಸಂತೋಷಕ್ಕೆ ಅಂದುಕೊಂಡ ಬಡ್ಡಿಮಗ.

"ಅಜ್ಜಿ, ಮೊದಲು ನೀವು ಕೂರಿ" ಎಂದು ಕ್ಯಾಮೆರಾ ಹಿಡಿದವರು ಕರೆದರು.

ಬಾಯಲ್ಲಿ ಕೂಡ ಆಡದ ಗಂಡನ ಹೆಸರಿನ ಮೇಲೆ ಹೋಗಿ ಕೂರುವುದೆಂದರೇನು? "ಕನಕ, ಆ ಕಲ್ನ ಮಗುಚಿ ಹಾಕ್ಸೋ" ಅಂದಳು ಮೆಲ್ಲಗೆ.

"ಅಪ್ಪನ್ ಹೆಸ್ರು ಮಣ್ಣಿಗ್ ಮುಖ ಮಾಡ್ಕಂಡ್ ಬಿದ್ದಿರ್ಬೇಕಾ? ಏನ್ ಮಾತವ್ವ ಇದು!"

ಜವರಯ್ಯನೂ "ಅಂಗೆಲ್ಲ ಮಾಡ್ಬಾರ್ದು ಕಣಮ್ಮ" ಅಂದ. ಅಂದು, ಹೆಗಲ ಮೇಲಿನ ಟವಲು ಹಾಸಿಕೊಂಡು ತಾನೇ ಕೂತ. ಟವಲು ಹಾಸಿದರೆ ದೋಷವಿಲ್ಲವಂತೆ. ಭದ್ರಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ಹೊಡೆದರು.

ಮುಂದಿನ ವಾರ ಅವಳು ಆಸ್ಪತ್ರೆಗೆ ಹೊರಟಾಗ ಬಸ್ಸಿನ ಸುಳಿವಿಲ್ಲ, ಬೆಂಚು ಖಾಲಿ. ಮಂಡಿ ನಡುಗತೊಡಗಿತು. ತಡೆದಳು, ತಡೆದಳು, ಆಮೇಲೆ ಹೋಗಿ ಕೂತೇಬಿಟ್ಟಳು. ಅಬ್ಬಾ! ಅವಳದೇ ಅಳತೆ. ಕಾಲು ನೆಲಕ್ಕೆ ಸರಿಯಾಗಿ ಊರಿತು, ಬೆನ್ನಿಗೆ ಗೋಡೆ ಸಿಕ್ಕಿತು.

ಸೊಪ್ಪು ಮಾರುವ ಮರಮ್ಮ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ ಅಕ್ಕಯ್ಯ, ಗಂಡನ್ ಮ್ಯಾಲೇ ಕೂತ್ಬುಟ್ಯಲ್ಲ!"

"ಬದುಕಿರಗಂಟ ಅವ್ನು ಕೂತ, ನಾನು ನಿಂತೆ. ಬೇಕಾದ್ರೆ ಈಗ ಅವ್ನೇ ಎದ್ ನಿಂತ್ಕಳ್ಳಿ ಬುಡು."

ಬಸ್ಸು ಬಂದಾಗ ಎರಡೂ ಕೈ ಊರಿ, ಯಾರ ಹಂಗೂ ಇಲ್ಲದೆ ಎದ್ದಳು.

ಮರಮ್ಮ ಸುಮ್ಮನಿರುವವಳೇ? ಸಂಜೆಯೊಳಗೆ ಆ ಮಾತು ಊರೆಲ್ಲ ಸುತ್ತಿ ಕನಕರಾಜುವಿನ ಕಿವಿ ಸೇರಿತು. ಅವನು ಅಮ್ಮನನ್ನು ಬೈಯಲಿಲ್ಲ, ಮುಖ ಕೂಡ ನೋಡಲಿಲ್ಲ. ಮಾರನೆಯ ದಿನ ಚಪ್ಪಡಿಗೆ ಅರಿಶಿನದ ನೀರು ಹಾಕಿ ತೊಳೆಸಿದ, ಹೂವು ಇಡಿಸಿದ. ವೆಲ್ಡಿಂಗಿನವನನ್ನು ಕರೆಸಿ ಸುತ್ತ ಕಬ್ಬಿಣದ ಸರಳು ಹಾಕಿಸಿ ಬೀಗ ಜಡಿದ. ಊರು, ಮಗ ಅಂದ್ರೆ ಹಿಂಗಿರ್ಬೇಕು ಅಂತ ಹೊಗಳಿತು.

ಆಸ್ಪತ್ರೆಗೆ ಹೋಗುವ ದಿನ ಭದ್ರಮ್ಮ ಈಗಲೂ ಅಲ್ಲೇ ನಿಲ್ಲುತ್ತಾಳೆ. ಮಂಡಿ ತಡೆಯುವುದಿಲ್ಲ, ಹಿಡಿದುಕೊಳ್ಳಲು ಬೇರೇನೂ ಇಲ್ಲ, ಹಾಗಾಗಿ ಆ ಸರಳನ್ನೇ ಎರಡು ಕೈಯಲ್ಲೂ ಹಿಡಿದು ಹಣೆ ಆನಿಸಿಕೊಂಡಿರುತ್ತಾಳೆ. ಬಸ್ಸಿನ ಕಿಟಕಿಯಿಂದ ನೋಡಿದವರು, ಸತ್ತ ಗಂಡನ ಮೇಲೆ ಈ ಮುದುಕಿಗೆ ಎಷ್ಟು ಭಕ್ತಿ ನೋಡಿ ಎಂದು ಮಾತಾಡಿಕೊಳ್ಳುತ್ತಾರೆ.